ಷಡ್ಡಕನ ಪ್ಯಾಚು, ನನ್ನ ಫೀಲ್ಡಿಂಗು

ಹೊಟ್ಟೆಕಿಚ್ಚಿನಲ್ಲಿ ಅನೇಕ ಜಾತಿಗಳಿವೆ. ಅಣ್ಣತಮ್ಮಂದಿರ ನಡುವಿನ ಹೊಟ್ಟೆಕಿಚ್ಚು ಜಮೀನು ಭಾಗವಾದ ಮೇಲೆ ಅರ್ಧ ಆರುತ್ತದೆ. ಪಕ್ಕದ ಹೊಲದವನ ಮೇಲಿನದು ಬೇಲಿ ಹಾಕಿದ ಮೇಲೆ ಅಷ್ಟಿಷ್ಟು ತಣ್ಣಗಾಗುತ್ತದೆ. ಷಡ್ಡಕನ ಮೇಲಿನ ಹೊಟ್ಟೆಕಿಚ್ಚಿಗೆ ಮಾತ್ರ ಯಾವ ಪಂಚಾಯಿತಿಯಲ್ಲೂ ಪರಿಹಾರವಿಲ್ಲ. ಅವನು ನಮ್ಮ ಮನೆಯವನಲ್ಲ, ಆದ್ದರಿಂದ ಬಾಯಿ ತುಂಬ ಜಗಳವಾಡುವಂತಿಲ್ಲ. ಹೊರಗಿನವನೂ ಅಲ್ಲ, ಆದ್ದರಿಂದ ಬಿಟ್ಟು ಹೋಗುವಂತಿಲ್ಲ. ಒಂದೇ ಮಾವನ ಮನೆಯ ಜಗುಲಿಯಲ್ಲಿ ಅಕ್ಕಪಕ್ಕ ಊಟಕ್ಕೆ ಕೂತು, ಅವನ ಎಲೆಗೆ ಬಿದ್ದದ್ದನ್ನು ಓರೆಗಣ್ಣಿನಿಂದ ಅಳೆಯುತ್ತ, ಮುಖದಲ್ಲಿ ನಗು ಇಟ್ಟುಕೊಂಡಿರಬೇಕು. ಜಗದೀಶ ನಮ್ಮ ಮಾವನ ಮನೆಗೆ ಕಿರಿಯ ಅಳಿಯನಾಗಿ ಬಂದ ದಿನದಿಂದ ನಾನು ಈ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದೇನೆ.

ಅದಕ್ಕೆ ಮೊದಲು ಆ ಮನೆಗೆ ನಾನೊಬ್ಬನೇ ಅಳಿಯ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿ ಅವರದು. ನಮ್ಮದು ಹುಣಸೂರಿನ ಕಡೆಯ ಕಟ್ಟೆಮಳಲವಾಡಿ. ಇಬ್ಬರದೂ ಹೊಗೆಸೊಪ್ಪಿನ ಭೂಮಿ. ಮಾವ, ನಾನು ಕೂತರೆ ಸೊಪ್ಪಿನ ಬಣ್ಣ, ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಬ್ಯಾರನ್ನಿನ ಸೌದೆ ಇವುಗಳ ಮೇಲೆ ಒಂದು ಮಧ್ಯಾಹ್ನ ಸುಖವಾಗಿ ಕಳೆಯುತ್ತಿತ್ತು. ನನ್ನ ಹೆಂಡತಿ ಸವಿತಳ ತಂಗಿ ಕವಿತಳನ್ನು ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆಗೆ ಕೊಟ್ಟ ಮೇಲೆ ಆ ಸುಖಕ್ಕೆ ಕುತ್ತು ಬಂತು. ಜಗದೀಶನದು ನಾಲೆ ನೀರಿನ ಗದ್ದೆ. ಅವನು ಮಾವನ ಮನೆಗೆ ಬಂದಾಗಲೆಲ್ಲ ಒಂದು ಮೂಟೆ ಸಣ್ಣಕ್ಕಿ ತರುತ್ತಾನೆ. ನಾನೇನು ತರಲಿ? ನಾನು ಬೆಳೆಯುವುದು ಹೊಗೆಸೊಪ್ಪು. ಅದನ್ನು ಒಂದು ಹೊರೆ ಕಟ್ಟಿಕೊಂಡು, “ತಗೊಳ್ಳಿ ಅತ್ತೆ, ನಮ್ಮ ಹೊಲದ್ದು” ಎಂದು ಅಡುಗೆಮನೆಗೆ ಇಳಿಸಲಾಗುತ್ತದೆಯೇ? ನಾನು ಹುಣಸೂರಿನಲ್ಲಿ ಬಾಳೆಹಣ್ಣು ಕೊಂಡು ಹೋಗುತ್ತೇನೆ. ಬಾಳೆಹಣ್ಣು ಆ ಸಂಜೆಗೇ ಮುಗಿಯುತ್ತದೆ. ಅಕ್ಕಿ ಮಾತ್ರ ಮೂರು ಹೊತ್ತೂ ಅವನ ಹೆಸರು ಹೇಳುತ್ತ ಬೇಯುತ್ತಿರುತ್ತದೆ.

ಅಕ್ಕಿಯನ್ನಾದರೂ ಸಹಿಸಿಕೊಂಡಿದ್ದೆ. ಸಹಿಸಲಾಗದೆ ಹೋದದ್ದು ಅವನು ಮಾವನ ಫೋನಿಗೆ ಹಾಕಿಕೊಟ್ಟ ಕ್ರಿಕೆಟ್ಟು.

ಮಾವ ಬ್ಯಾರನ್ನಿನ ಏಣಿಯಿಂದ ಜಾರಿ ಕಾಲಿನ ಮೂಳೆ ಬಿರುಕು ಬಿಟ್ಟು, ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದಿದ್ದರು. ಹೊಲದಲ್ಲಿ ಓಡಾಡುವ ಜೀವ. ಮಲಗಿದಲ್ಲಿಂದಲೇ ಆಳುಗಳನ್ನು, ಅತ್ತೆಯನ್ನು, ಗೋಡೆಯ ಹಲ್ಲಿಯನ್ನು ಬೈಯಲು ಶುರು ಮಾಡಿದರು. ನಾನು ಕಾಳಜಿಯಿಂದ ಎರಡು ಸಲ ಬಾಳೆಹಣ್ಣು ಕೊಟ್ಟು ಬಂದೆ. ಜಗದೀಶ ಬಂದು ಅವರ ಫೋನಿಗೆ ಎಮ್ಯುಲೇಟರ್ ಎಂಬ ಆ್ಯಪ್ ಹಾಕಿದ. ಹಿಂದೆ ಉಳ್ಳವರ ಮನೆ ಮಕ್ಕಳು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತುತ್ತ ಆಡುವ ಯಂತ್ರವೊಂದಿತ್ತು. ಅದಕ್ಕೆ ಹಾಕುವ ಆಟಗಳು ಪುಟ್ಟ ಬಿಲ್ಲೆಗಳಲ್ಲಿ ಬರುತ್ತಿದ್ದವು. ಈಗ ಆ ಯಂತ್ರವೂ ಇಲ್ಲ, ಬಿಲ್ಲೆಯೂ ಇಲ್ಲ. ಈ ಆ್ಯಪ್ ಫೋನನ್ನು, ‘ನೀನು ಫೋನಲ್ಲ, ಅದೇ ಹಳೆಯ ಯಂತ್ರ’ ಎಂದು ನಂಬಿಸುತ್ತದೆ. ಬಿಲ್ಲೆಯೊಳಗೆ ಇದ್ದದ್ದೆಲ್ಲ ಒಂದು ಫೈಲಾಗಿ ಫೋನಿನೊಳಗೆ ಕೂರುತ್ತದೆ. ಮಾವ ಹರೆಯದಲ್ಲಿ ಊರ ಕ್ರಿಕೆಟ್ ತಂಡದಲ್ಲಿ ಆಡಿದವರು. ಒಂದು ವಾರದಲ್ಲಿ ಬೈಗುಳ ನಿಂತಿತು. ಹಲ್ಲಿಯೂ ನೆಮ್ಮದಿಯಾಗಿ ಗೋಡೆಯ ಮೇಲೆ ಓಡಾಡತೊಡಗಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ಜಗದೀಶ ಹೇಗಾದಾನು? ಭತ್ತ ನಾಟಿ ಮುಗಿದ ಮೇಲೆ ನಾಲೆಯವರಿಗೆ ಪುರುಸೊತ್ತು ಜಾಸ್ತಿ. ಕೂತು ಆ ಆಟಕ್ಕೊಂದು ಪ್ಯಾಚು ಮಾಡಿದ. ನನಗೆ ಅಲ್ಲಿಯವರೆಗೆ ಪ್ಯಾಚು ಎಂದರೆ ಸೈಕಲ್ ಟ್ಯೂಬಿಗೆ ಹಾಕುವ ತೇಪೆ. ಇದೂ ಒಂದು ಬಗೆಯ ತೇಪೆಯೇ. ಹಳೆಯ ಆಟದ ಮೇಲೆ ಬೇಕಾದ ಕಡೆ ಹೊಸ ತುಂಡು ಹೊಲಿಯುವುದು. ಪರದೇಶದ ತಂಡಗಳನ್ನೆಲ್ಲ ಕಿತ್ತು, ಆ ಜಾಗದಲ್ಲಿ ಹುಣಸೂರು, ಕೆ.ಆರ್. ನಗರ, ಕಾಕನಕೋಟೆ ಎಂಬ ತಂಡಗಳನ್ನು ಕೂರಿಸಿದ್ದ. ಪಿರಿಯಾಪಟ್ಟಣದ ತಂಡದಲ್ಲಿ ಇದ್ದದ್ದು ನಮ್ಮ ಮಾವನ ಮನೆಯವರು! ಮಾವನೇ ಕ್ಯಾಪ್ಟನ್. ಕೈಯಿಂದ ಒಂದು ಕಾಳೂ ಜಾರಲು ಬಿಡದ ಅತ್ತೆ ವಿಕೆಟ್ ಕೀಪರ್. ಸವಿತಾ, ಕವಿತಾ ಆರಂಭದ ಜೋಡಿ. ಜಗದೀಶ ಆಲ್‌ರೌಂಡರ್. ನಾನು ಹನ್ನೊಂದನೆಯವನು.

ಹನ್ನೊಂದನೆಯವನಾದರೂ ಹೆಸರು ಸರಿಯಾಗಿರಬಾರದೇ? ಹಳೆಯ ಆಟಗಾರನ ಹೆಸರಲ್ಲಿ ಎಷ್ಟು ಅಕ್ಷರವಿತ್ತೋ ಅಷ್ಟೇ ಅಕ್ಷರದಲ್ಲಿ ಹೊಸ ಹೆಸರನ್ನು ತುರುಕಬೇಕಂತೆ. ನನಗೆ ಸಿಕ್ಕ ಆ ಪುಣ್ಯಾತ್ಮನ ಹೆಸರಿನಲ್ಲಿ ಇಂಗ್ಲಿಷಿನ ಐದೇ ಅಕ್ಷರ. ಹೀಗಾಗಿ ಚೆಲುವರಾಜು ಎಂಬ ನನ್ನ ತುಂಬು ಹೆಸರು ‘ಚೆಲು’ ಎಂಬಲ್ಲಿಗೆ ಕತ್ತರಿಸಿಹೋಗಿತ್ತು. ಇಂಗ್ಲಿಷಿನಲ್ಲಿ ಬರೆದದ್ದನ್ನು ಮಾವ ತಮಗೆ ಬಂದಂತೆ ಓದಿದರು.

“ಚೇಳು! ಇದ್ಯಾರ್ಲಾ ಚೇಳು?”

“ದೊಡ್ಡ ಅಳಿಯಂದಿರು ಕಣ್ ಮಾವ,” ಎಂದನಂತೆ ಜಗದೀಶ.

ಅಂದಿನಿಂದ ಆ ಮನೆಯಲ್ಲಿ ನಾನು ಚೇಳು. ಅವನ ಹೆಸರು ಮಾತ್ರ ಒಂದಕ್ಷರವೂ ಕುಂದದೆ ಠೀವಿಯಿಂದ ನಿಂತಿತ್ತು.

ಈ ಸಂಗತಿ ನನಗೆ ತಿಳಿದದ್ದು ಯುಗಾದಿಯ ಮರುದಿನ, ವರ್ಷತೊಡಕಿನ ಬಾಡೂಟಕ್ಕೆ ಹೋದಾಗ. ಫೋನನ್ನು ಟಿ.ವಿ.ಗೆ ಸಿಕ್ಕಿಸಿ, ಮಾವ ಮಂಚದ ಮೇಲೆ ಒರಗಿ ಆಡುತ್ತಿದ್ದರು. ಮನೆಮಂದಿಯೆಲ್ಲ ಸುತ್ತ ನೆರೆದಿದ್ದರು. ಪರದೆಯ ಮೇಲೆ ಜಗದೀಶ ಹೊಡೆದದ್ದೆಲ್ಲ ಗೆರೆ ದಾಟಿತ್ತಂತೆ. ನಾನು ಒಳಗೆ ಬಂದ ಹೊತ್ತಿಗೇ ಎದುರಾಳಿಯ ಸರದಿ ಶುರುವಾಗಿ, ಸುಲಭದ ಕ್ಯಾಚೊಂದು ಬೌಂಡರಿಯಲ್ಲಿದ್ದ ಚೇಳಿನ ಕೈಗೆ ಬಂದು, ಅಲ್ಲಿಂದ ನೆಲಕ್ಕೆ ಬಿತ್ತು. ಇಡೀ ಮನೆ ನನ್ನ ಕಡೆ ತಿರುಗಿತು.

“ಅಲ್ಲ ಅಳಿಮಯ್ಯ, ಅಷ್ಟು ದೂರದಿಂದ ಬಂದಿದ್ದೀರಿ, ಒಂದು ಕ್ಯಾಚ್ ಇಡೀಬಾರ್ದಾ?” ಎಂದರು ಮಾವ.

“ನಾನೀಗ ತಾನೇ ಬಂದೆನಲ್ಲ ಮಾವ,” ಎಂದೆ. ಯಾಕೆ ಹಾಗೆ ಸಮಜಾಯಿಷಿ ಕೊಟ್ಟೆನೋ ತಿಳಿಯದು. ಬೂಟು ಬಿಚ್ಚದೆಯೇ ತಪ್ಪಿತಸ್ಥನಾಗಿದ್ದೆ. ಊಟಕ್ಕೆ ಕೂತಾಗ ಅತ್ತೆ ಪಾತ್ರೆ ಹಿಡಿದು ಬಂದು, ಸೌಟಿನಿಂದ ತಡಕಿ ತಡಕಿ ಒಂದು ನಲ್ಲಿ ಮೂಳೆಯನ್ನು ಹುಡುಕಿ ತೆಗೆದರು. ಅದು ನನ್ನ ಎಲೆಯ ಮೇಲಿನಿಂದ ಹಾದು ಜಗದೀಶನ ಎಲೆಗೆ ಇಳಿಯಿತು. “ಪಾಪ, ನೂರು ಒಡ್ದದೆ ಮಗ, ಸುಸ್ತಾಗಿರ್ತದೆ,” ಎಂದರು. ನನಗೆ ಬಂದದ್ದು ಒಂದು ಆಲೂಗಡ್ಡೆ.

ಓದುಗರೇ, ಇನ್ನೂ ಸುಮ್ಮನಿರಲು ನಾನೇನು ಕಲ್ಲೇ? “ಮಾವ, ಈ ಆಟ ನನಗೂ ಬೇಕು” ಎಂದು ನಗುತ್ತ ಕೇಳಿ, ಅವರ ಫೋನಿನಿಂದ ಆ ಫೈಲನ್ನು ನನ್ನ ಫೋನಿಗೆ ಇಳಿಸಿಕೊಂಡೆ. ಊರಿಗೆ ಬಂದವನೇ ಹುಣಸೂರಿನ ಗೆಳೆಯ ಅಫ್ಸರನ ಅಂಗಡಿಗೆ ಹೋದೆ. ಅವನದು ಮಂಚ, ಬಾಗಿಲುಗಳ ವ್ಯಾಪಾರ. ಗಿರಾಕಿ ಬರುವವರೆಗೆ ಮಾರಬೇಕಾದ ಮಂಚದ ಮೇಲೆ ಕೂತು, ಇಂಥದೇ ಆ್ಯಪಿನಲ್ಲಿ ಹಳೆಯ ಕಾರಿನ ರೇಸ್ ಆಡುತ್ತಿರುತ್ತಾನೆ. ಆಟಗಾರರ ಅಂಕಗಳನ್ನು ತಿದ್ದುವ ಒಂದು ಆ್ಯಪ್ ಇದೆ ಎಂದು ಹೇಳಿದವನೂ ಅವನೇ. ಆದರೆ ಆ ಆ್ಯಪು ನನ್ನ ಫೈಲನ್ನು ಮುಟ್ಟಲೂ ಒಪ್ಪಲಿಲ್ಲ. ಅದಕ್ಕೆ ಬೇಕಾದದ್ದು ಕೊನೆಯಲ್ಲಿ ಐಎಸ್‌ಒ ಎಂಬ ಬಾಲವಿರುವ ಫೈಲು. ನನ್ನದರ ಬಾಲ ಸಿಎಸ್‌ಒ. ಒಂದು ಅಕ್ಷರದ ವ್ಯತ್ಯಾಸ ತಾನೇ ಎಂದು ಅಲ್ಲೇ ಸಿ ಅಳಿಸಿ ಐ ಬರೆದು ಮತ್ತೆ ಒತ್ತಿದೆ. ಫೋನು ನನ್ನನ್ನು ಕಳ್ಳನಂತೆ ನೋಡಿ ಹೊರಗಟ್ಟಿತು.

ಅಫ್ಸರ್ ಹೊಟ್ಟೆ ಹಿಡಿದು ನಕ್ಕ. “ಲೇ ಚೆಲುವ, ಚೀಲದ ಮೇಲೆ ಅಕ್ಕಿ ಅಂತ ಬರುದ್ರೆ ಒಳಗಿರೋ ರಾಗಿ ಅಕ್ಕಿ ಆಗ್ಬುಡ್ತದಾ? ಇದು ಒತ್ತಿ ಬಿಗಿದಿರೋ ಫೈಲು ಕಣ್ಲಾ, ನಿಮ್ ಹೊಗೆಸೊಪ್ಪಿನ ಬೇಲ್ ಇದ್ದಂಗೆ. ಮೊದ್ಲು ಬಿಚ್ಚಿ ಹರಡ್ಬೇಕು.”

ನನಗೆ ಬೇಲಿನ ಭಾಷೆ ಅರ್ಥವಾಗುತ್ತದೆ. ಬಿಚ್ಚಿದೆವು. ಬಿಚ್ಚಿದ ಬೇಲು ಕೋಣೆ ತುಂಬುವಂತೆ ಅದು ನನ್ನ ಫೋನೆಲ್ಲ ತುಂಬಿತು. ಜಾಗ ಸಾಲದೆ, ಬಂಧುಗಳು ಕಳಿಸಿದ್ದ ಗುಲಾಬಿ ಹೂವಿನ ಶುಭೋದಯಗಳನ್ನೆಲ್ಲ ಅಳಿಸಿದೆ. ಇಷ್ಟು ತ್ಯಾಗದ ಮೇಲೂ ಆ್ಯಪು ಒಪ್ಪಲಿಲ್ಲ. ಈ ಫೈಲಿಗೆ ಈಗಾಗಲೇ ತೇಪೆ ಬಿದ್ದಿದೆ, ತೇಪೆಯಿಲ್ಲದ ಮೂಲ ಫೈಲನ್ನು ತಾ ಎಂದಿತು.

“ಮೂಲ ಯಾರತ್ರ ಅದೆ?” ಎಂದ ಅಫ್ಸರ್.

ಯಾರ ಹತ್ತಿರ ಎಂದು ನನಗೆ ಗೊತ್ತಿತ್ತು. ಮನುಷ್ಯನಿಗೆ ಬರಬಾರದ ಕಷ್ಟವೆಂದರೆ, ಯಾರನ್ನು ಕೆಡವಬೇಕೋ ಅವನ ಬಳಿಯೇ ಹೋಗಿ ಹಾರೆ ಕೇಳುವುದು. ಫೋನ್ ಮಾಡಿ, ಅಫ್ಸರನ ಹೆಸರು ಹೇಳಿ, “ಅವನಿಗೇನೋ ಬೇಕಂತೆ ಕಣಪ್ಪ” ಎಂದೆ. ಪಕ್ಕದಲ್ಲಿದ್ದ ಅಫ್ಸರ್ ತನ್ನ ಎದೆ ಮುಟ್ಟಿಕೊಂಡು, ‘ನನಗಾ?’ ಎಂದು ಕಣ್ಣಲ್ಲೇ ಕೇಳಿದ.

ಜಗದೀಶ ಕೊಡಲು ಒಂದಿಷ್ಟು ಹಿಂದೆಮುಂದೆ ನೋಡಿದ್ದರೆ ನನಗೆ ಸಮಾಧಾನವಿತ್ತು. “ಅದುಕ್ಕೇನಣ್ಣ, ಈಗ್ಲೇ ಕಳುಸ್ತೀನಿ” ಎಂದ. ಮೂಲ ಫೈಲನ್ನೂ ಕಳಿಸಿದ, ತನ್ನ ಪ್ಯಾಚನ್ನೂ ಕಳಿಸಿದ. ಯಾವುದರ ಮೇಲೆ ಯಾವುದನ್ನು ಹೇಗೆ ಕೂರಿಸಬೇಕೆಂದು ತಾಳ್ಮೆಯಿಂದ ಹೇಳಿದ. ಕೊನೆಗೆ, “ಹಳೇದುನ್ನ ಮಾತ್ರ ಅಳುಸ್ಬೇಡಿ ಅಂತ ನಿಮ್ ಫ್ರೆಂಡಿಗೆ ಏಳಿ ಅಣ್ಣ, ಒಂದು ಕಾಪಿ ಇರ್ಲಿ” ಎಂದ. ಎಂಥ ಒಳ್ಳೆಯತನ! ನನ್ನ ಹೊಟ್ಟೆಯೊಳಗೆ ಬ್ಯಾರನ್ನಿಗೆ ಸೌದೆ ಒಟ್ಟಿದಂತಾಯಿತು. ಕೆಟ್ಟವನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ; ಒಳ್ಳೆಯವನ ಮೇಲೆ ಪಡುವುದಕ್ಕೆ ನಿಜವಾದ ಶ್ರಮ ಬೇಕು.

ಆ ಶ್ರಮವನ್ನು ನಾನು ಪಟ್ಟೆ. ಮೂಲವನ್ನೂ ಪ್ಯಾಚನ್ನೂ ಒಟ್ಟಿಗೆ ಕೊಟ್ಟ ಮೇಲೆ ಆ್ಯಪು ಒಪ್ಪಿ, ನಮ್ಮ ತಂಡದ ಅಂಕಪಟ್ಟಿಯನ್ನು ತೆರೆಯಿತು. ಚೇಳಿನ ಬ್ಯಾಟಿಂಗನ್ನು ನೂರಕ್ಕೆ ಏರಿಸಿದೆ. ಬೌಲಿಂಗ್ ನೂರು, ಓಟ ನೂರು. ಫೀಲ್ಡಿಂಗ್ ಎಂಬಲ್ಲಿ ಎಂಟು ಎಂದಿತ್ತು. ನೂರಕ್ಕೆ ಎಂಟು! ಅದನ್ನೂ ನೂರು ಮಾಡಿದೆ. ಆಮೇಲೆ ಜಗದೀಶನ ಬ್ಯಾಟಿಂಗನ್ನು ಸ್ವಲ್ಪ ಇಳಿಸಿದೆ. ಮನಸ್ಸು ತಡೆಯದೆ ಇನ್ನೂ ಸ್ವಲ್ಪ ಇಳಿಸಿದೆ. ಚೇಳು ಎಂಬ ಹೆಸರನ್ನು ಉದ್ದ ಮಾಡಲು ಹೋದೆ, ಆಟವೇ ತೆರೆಯಲಿಲ್ಲ. ಅದನ್ನು ಹಾಗೇ ಬಿಟ್ಟೆ.

ಮುಂದಿನ ಭಾನುವಾರ ಮಾವನ ಮನೆಗೆ ಹೋಗಿ, “ಹೊಸ ಅಪ್‌ಡೇಟ್ ಬಂದಿದೆ ಮಾವ, ಹಾಕಿಕೊಡುತ್ತೇನೆ” ಎಂದು ಫೋನ್ ಇಸಿದುಕೊಂಡೆ. ಅವರ ಫೋನಿನಲ್ಲಿ ಜಾಗವಿರಲಿಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದೆ. ಮಾವ ಒಂದು ಆಟ ಶುರು ಮಾಡಿ, ನನ್ನ ಒತ್ತಾಯಕ್ಕೆ ಚೇಳನ್ನೇ ಮೊದಲು ಬ್ಯಾಟಿಂಗಿಗೆ ಇಳಿಸಿದರು. ಚೇಳು ಬ್ಯಾಟು ಬೀಸಿದರೆ ಸಿಕ್ಸರು, ಸುಮ್ಮನೆ ಅಡ್ಡ ಹಿಡಿದರೂ ಸಿಕ್ಸರು.

“ಇದೇನು, ಚೇಳಿಗೆ ಮೈಮೇಲೆ ದೇವ್ರು ಬಂದದಾ?” ಎಂದರು ಅತ್ತೆ.

ನಾನು ವಿನಯದಿಂದ ನೆಲ ನೋಡಿದೆ. ಪಕ್ಕದಲ್ಲಿದ್ದ ಸವಿತಾ ಮಾತ್ರ ಟಿ.ವಿ.ಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಮಾವ ಸ್ವಲ್ಪ ಹೊತ್ತಿನಲ್ಲೇ ಆಕಳಿಸಿ, “ಎಲ್ಲಾನೂ ಚೇಳೇ ಒಡುದ್ರೆ ಕ್ಯಾಪ್ಟನ್ ಯಾತಕ್ಕೆ? ಓಗ್ಲಿ ಬುಡಿ, ನನ್ನ ಫೈನಲ್ಲು ಅರ್ಧಕ್ಕೆ ನಿಂತದೆ, ಅದುನ್ನ ಆಡ್ತೀನಿ” ಎಂದು ಹಿಂದೆ ಉಳಿಸಿಟ್ಟಿದ್ದ ಆಟವನ್ನು ತೆರೆದರು.

ಪರದೆ ಕಪ್ಪಾಯಿತು. ಮತ್ತೆ ತೆರೆದರು. ಮತ್ತೆ ಕಪ್ಪು. ಹಳೆಯ ಫೈಲಿನಲ್ಲಿ ಆಡಿ ಉಳಿಸಿದ ಆಟ, ನಾನು ತಿದ್ದಿದ ಫೈಲನ್ನು ತನ್ನದೆಂದು ಗುರುತಿಸಲಿಲ್ಲ. ಮಂಚದ ಮೇಲೆ ಮಲಗಿದಲ್ಲೇ ಒಂದೊಂದೇ ಪಂದ್ಯ ಗೆದ್ದು, ಮಾವ ನಮ್ಮನ್ನೆಲ್ಲ ಫೈನಲ್ಲಿಗೆ ಕರೆತಂದಿದ್ದರು. ನಾನು ಅಂದುಕೊಂಡದ್ದು ಬೈಗುಳ ಬರುತ್ತದೆಂದು. ಅವರು ಬೈಯಲಿಲ್ಲ. ಫೋನನ್ನು ದಿಂಬಿನ ಪಕ್ಕ ಇಟ್ಟು, “ಓಗ್ಲಿ ಬುಡಿ ಅಳಿಮಯ್ಯ, ಆಟ ತಾನೇ” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಆ ಬೆನ್ನನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದು ಎಷ್ಟೋ ವಾಸಿಯಾಗಿತ್ತು. ಹೊಟ್ಟೆಕಿಚ್ಚೆಲ್ಲ ಆ ಕ್ಷಣಕ್ಕೆ ತಣ್ಣಗಾಗಿ, ಹಿತ್ತಲಿಗೆ ಹೋಗಿ ಜಗದೀಶನಿಗೆ ಫೋನ್ ಮಾಡಿದೆ. ಅಫ್ಸರನ ಹೆಸರು ಈ ಸಲ ಹೇಳಲಿಲ್ಲ.

“ಅಳುಸ್ಬುಟ್ರಾ ಅಣ್ಣ? ಏನೂ ಯೋಚ್ನೆ ಮಾಡ್ಬೇಡಿ, ನನ್ನತ್ರ ಅದೆ, ಬತ್ತೀನಿ” ಎಂದ.

ಮಧ್ಯಾಹ್ನದ ಬಿಸಿಲಿನಲ್ಲಿ ಕವಿತಳನ್ನು ಕೂರಿಸಿಕೊಂಡು ಬೈಕಿನಲ್ಲಿ ಬಂದೇಬಿಟ್ಟ. ಮಾವನ ಪಕ್ಕ ಕೂತು ಫೋನು ತೆರೆದ. ನನ್ನ ಫೈಲಿನೊಳಗೆ ಇಣುಕಿದ. ಚೇಳಿನ ನೂರುಗಳನ್ನು ನೋಡಿದ. ಕೆಳಗೆ ತನ್ನ ಹೆಸರಿನ ಎದುರಿಗೆ ಇದ್ದ ಅಂಕವನ್ನೂ ನೋಡಿದ. ತಲೆಯೆತ್ತಿ ನನ್ನ ಕಡೆ ನೋಡಿದ. ನಾನು ಗೋಡೆಯಲ್ಲಿ ಹಲ್ಲಿಯನ್ನು ಹುಡುಕುತ್ತಿದ್ದೆ.

“ಏನಾಗದೆ ಜಗದೀಶಪ್ಪ?” ಎಂದರು ಮಾವ.

“ಏನಿಲ್ಲ ಮಾವ, ಅಣ್ಣನ ಪ್ಯಾಚೂ ಚೆನ್ನಾಗೇ ಅದೆ. ಹಳೇ ಆಟದ ಜೊತೆ ಸೇರ್ಲಿಲ್ಲ ಅಷ್ಟೇ.”

ಹೀಗೆ ನನ್ನ ಮಾನ ಕಾಪಾಡಿ, ತಾನು ತಂದಿದ್ದ ಹಳೆಯ ಫೈಲನ್ನು ಹಾಕಿದ. ಫೈನಲ್ಲು ನಿಂತಿದ್ದ ಜಾಗದಿಂದಲೇ ಜೀವ ಪಡೆಯಿತು. ಎದುರಾಳಿ ಕಾಕನಕೋಟೆ. ಆ ತಂಡದ ದೈತ್ಯನಿಗೆ ಜಗದೀಶ ‘ಸಲಗ’ ಎಂದು ಹೆಸರಿಟ್ಟಿದ್ದ. ಸಲಗ ನಮ್ಮ ಬೌಲಿಂಗನ್ನು ಕಬ್ಬಿನ ಗದ್ದೆಗೆ ನುಗ್ಗಿದಂತೆ ತುಳಿಯುತ್ತಿತ್ತು. ಅವರದು ಉಳಿದದ್ದು ಒಂದೇ ವಿಕೆಟ್ಟು; ಕೊನೆಯ ಓವರಿಗೆ ಮಾವ ಜಗದೀಶನ ಕೈಗೆ ಚೆಂಡು ಕೊಟ್ಟರು. ಸಲಗ ಬೀಸಿತು. ಚೆಂಡು ಟಿ.ವಿ.ಯ ಆಕಾಶದಲ್ಲಿ ಮೇಲೇರಿ, ಬೌಂಡರಿಯ ಒಂದು ಮೂಲೆಯ ಕಡೆ ಇಳಿಯತೊಡಗಿತು. ಅದರಡಿಯಲ್ಲಿ ಚೇಳು. ಹಳೆಯ ಚೇಳು, ನೂರಕ್ಕೆ ಎಂಟರ ಚೇಳು.

“ಅಯ್ಯೋ, ಅಲ್ಲಿಗಾ!” ಎಂದಳು ಕವಿತಾ. ಜಗದೀಶ ಕಣ್ಣು ಮುಚ್ಚಿದ. ಮಾವ ಗುಂಡಿಯನ್ನು ಒತ್ತಿಯೇ ಒತ್ತಿದರು. ನಾನು ಕೂತಲ್ಲೇ ಎರಡೂ ಕೈಯನ್ನು ಬೊಗಸೆ ಮಾಡಿ ಹಿಡಿದಿದ್ದೆನಂತೆ, ಆಮೇಲೆ ಸವಿತಾ ಹೇಳಿದಳು. ಚೇಳು ಎಡವಿತು, ವಾಲಿತು, ಮುಗ್ಗರಿಸಿ ನೆಲಕ್ಕೆ ಬಿತ್ತು. ಚೆಂಡು ಕೈಯಲ್ಲೇ ಇತ್ತು.

“ಚೇಳು ಕೊಂಡಿ ಆಕ್ಬುಡ್ತು! ಸಲಗುನ್ನೇ ಕೆಡುವ್ತು ಕಣವ್ವ!” ಎಂದು ಅತ್ತೆ ಕೂಗಿದರು. ಮಾವ ಪ್ಲಾಸ್ಟರಿನ ಕಾಲನ್ನು ಮರೆತು ಏಳಲು ಹೋಗಿ, ಜಗದೀಶ ಹಿಡಿದು ಕೂರಿಸಬೇಕಾಯಿತು. ಪರದೆಯ ಮೇಲೆ ಒಂದೇ ಸಾಲಿನಲ್ಲಿ ನಮ್ಮಿಬ್ಬರ ಹೆಸರು ಬಂತು: ಕ್ಯಾಚು ಚೇಳಿನದು, ಬೌಲಿಂಗ್ ಜಗದೀಶನದು. ಅವನು ಬಂದು ನನ್ನ ಕೈ ಕುಲುಕಿದ. ನಾನೂ ನಿಜವಾಗಿಯೇ ಕುಲುಕಿದೆ. ಪಂದ್ಯಪುರುಷ ಎಂದು ಅವನ ಹೆಸರೊಂದೇ ಬಂದಾಗ ಮಾತ್ರ ಹಿಡಿತ ಸ್ವಲ್ಪ ಸಡಿಲಾಯಿತು.

ಸಂಜೆ ಸ್ಕೂಟರಿನಲ್ಲಿ ವಾಪಸು ಬರುವಾಗ ಮನಸ್ಸು ಹಗುರಾಗಿತ್ತು. “ಏನೇ ಆಗಲಿ, ಜಗದೀಶ ಒಳ್ಳೆಯವನು,” ಎಂದೆ. “ಆ ಎಂಟು ಅಂಕ ಒಂದು ಕೊಡದೆ ಇದ್ದಿದ್ದರೆ.”

“ಅದು ಅವರು ಕೊಟ್ಟಿದ್ದಲ್ಲ ಕಣ್ರೀ,” ಎಂದಳು ಸವಿತಾ ಹಿಂದಿನಿಂದ. “ಎಲ್ಲಾರ್ದೂ ಎಷ್ಟೆಷ್ಟು ಆಕ್ಲಿ ಅಂತ ಫೋನ್ ಮಾಡಿ ಕೇಳುದ್ರು. ನಿಮ್ದು ನಾನೇ ಏಳ್ದೆ. ಪಾಪ, ಅವರು ‘ಇಷ್ಟು ಕಮ್ಮಿನಾ ಅಕ್ಕ’ ಅಂತ ಎರಡೆರಡು ಸಲ ಕೇಳುದ್ರು.”

ಸ್ಕೂಟರು ತಾನಾಗಿಯೇ ನಿಧಾನವಾಯಿತು. ಇಷ್ಟು ದಿನ ನಾನು ಉರಿಸಿದ ಸೌದೆಯೆಲ್ಲ ಬೇರೆಯವರ ಬ್ಯಾರನ್ನಿಗೆ ಹೋಗಿತ್ತು. ಸ್ವಲ್ಪ ದೂರ ಬಂದ ಮೇಲೆ ಕೇಳಿದೆ: “ಹಾಗಾದರೆ ಜಗದೀಶನಿಗೆ ಅಷ್ಟೊಂದು ಅಂಕ ಹೇಳಿದವರು ಯಾರು?”

“ಕವಿತಾ.”

“ನೋಡು, ಅವಳು ಹೇಗೆ ತನ್ನ ಗಂಡನಿಗೆ ಬಾಯಿ ತುಂಬ ನೂರು ಹೇಳಿದ್ದಾಳೆ!”

“ಅವ್ಳು ಮದ್ವೆ ಆಗಿ ಇನ್ನೂ ಎಷ್ಟು ದಿನ ಆಗದೆ ಬುಡಿ,” ಎಂದಳು ಸವಿತಾ. “ಅವ್ಳ್ದು ಇನ್ನೂ ಅಪ್‌ಡೇಟ್ ಆಗಿಲ್ಲ.”

ಹುಣಸೂರು ಬರುವವರೆಗೆ, ಅಪ್‌ಡೇಟಾಗದ ಹೆಂಡತಿಯಿರುವ ಷಡ್ಡಕನ ಭಾಗ್ಯವನ್ನು ನೆನೆಯುತ್ತ, ಗುಂಡಿ ತಪ್ಪಿಸಿ ತಪ್ಪಿಸಿ, ಬಹಳ ಎಚ್ಚರಿಕೆಯಿಂದ ಸ್ಕೂಟರು ಓಡಿಸಿದೆ. ಹಿಂದೆ ಕೂತವಳು ಅಂಕ ಹಾಕುತ್ತಿದ್ದರೂ ಇರಬಹುದು.